ಉತಾರ ಕೆಟ್ಟರೆ ರಿಪೇರಿ ಹೇಗೆ?

ನಾನು ಹೊಟ್ಟೆಪಾಡಿಗೆ ನೋಡಿಕೊಳ್ಳುವುದು ಡೈರೆಕ್ಟರಿ ಸರ್ವರುಗಳನ್ನು. ಹಾಗೆಂದರೇನು ಅಂತ ಊರ ಕಡೆ ಯಾರಾದರೂ ಕೇಳಿದರೆ ‘ತಲಾಠಿ ಕೆಲಸ’ ಎಂದುಬಿಡುತ್ತೇನೆ. ನಗಬೇಡಿ, ಹೆಚ್ಚುಕಡಿಮೆ ಅದೇ! ದೊಡ್ಡ ಕಂಪನಿಯಲ್ಲಿ ಯಾರ್ಯಾರಿದ್ದಾರೆ, ಅವರ ಗುರುತು ಏನು, ಯಾವ ಕಡತ ಯಾರು ತೆರೆಯಬಹುದು ಎಂಬುದೆಲ್ಲ ಒಂದು ಪಟ್ಟಿಯಲ್ಲಿರುತ್ತದೆ. ಆ ಪಟ್ಟಿಯನ್ನು ದಿನಕ್ಕೆ ಲಕ್ಷಾಂತರ ಸಲ ಓದುತ್ತಾರೆ, ಬದಲಾಯಿಸುವುದು ಮಾತ್ರ ಅಪರೂಪ. ತಲಾಠಿಯ ಪುಸ್ತಕವೂ ಹಾಗೇ. ಹೊಲ ಮಾರುವುದು, ವಾಟ್ನಿ ಆಗುವುದು ಒಂದು ತಲೆಮಾರಿಗೆ ಒಮ್ಮೆಯೋ ಎರಡು ಸಲವೋ. ಆದರೆ ಬೆಳೆಸಾಲಕ್ಕೆ, ವಿಮೆಗೆ, ಪರಿಹಾರಕ್ಕೆ, ಕೋರ್ಟಿಗೆ ಉತಾರ ತೆಗೆಸುವುದು ಪ್ರತಿವರ್ಷದ ಕೆಲಸ.

ಇಂಥ ಪಟ್ಟಿ ಕೆಟ್ಟರೆ ಏನಾಗುತ್ತದೆ, ಅದನ್ನು ರಿಪೇರಿ ಮಾಡುವುದು ಹೇಗೆ ಎಂಬುದು ನನ್ನ ನಿತ್ಯದ ಚಿಂತೆ. ಈ ವಿಷಯಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 1974ರಲ್ಲಿ ಅಚ್ಚಾದ ಒಂದು ಬ್ರಾಕೆಟ್ಟು ಐವತ್ತು ವರ್ಷ ಸುಮ್ಮನಿದ್ದು 2024ರಲ್ಲಿ ತಿಕೋಟಾ ಕಡೆಯ ರೈತರ ನಿದ್ದೆ ಕೆಡಿಸಿದ ಕಥೆ. ಅಲ್ಲಿಗೆ ಹೋಗುವ ಮೊದಲು ಎರಡು ಸಣ್ಣ ಇತಿಹಾಸ ಹೇಳಿಬಿಡುತ್ತೇನೆ, ಒಂದು ಕಂಪ್ಯೂಟರಿನದು, ಇನ್ನೊಂದು ನೆಲದ್ದು.

ಮೊದಲು ಕಂಪ್ಯೂಟರಿನದು.

ಡೈರೆಕ್ಟರಿಗೆ ಜಗತ್ತಿಗೆಲ್ಲ ಒಂದೇ ನಿಯಮ ಇರಲಿ ಎಂದು 1988ರಲ್ಲಿ ಎಕ್ಸ್.500 ಎಂಬ ಮಾನಕ ಬಂತು. ಅದು ಬಹಳ ಭಾರವಾಗಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಸಂಗಡಿಗರು ಅದರ ಹಗುರ ರೂಪ ಮಾಡಿದರು. 1993ರಲ್ಲಿ ಪ್ರಕಟವಾದ ಅದರ ಹೆಸರು ಎಲ್‌ಡ್ಯಾಪ್. 1998ರಲ್ಲಿ ಶುರುವಾದ ಓಪನ್‌ಎಲ್‌ಡ್ಯಾಪ್ ಎಂಬ ಮುಕ್ತ ತಂತ್ರಾಂಶ ಅದನ್ನು ಊರೂರಿಗೆ ಮುಟ್ಟಿಸಿತು. ಅದರೊಳಗೆ ಬಹಳ ಕಾಲ ಮಾಹಿತಿ ಇಡುತ್ತಿದ್ದದ್ದು ಬರ್ಕ್ಲಿ ಡಿಬಿ ಎಂಬ ಉಗ್ರಾಣ. ಒಂದು ಕಡತದಲ್ಲಿ ಪ್ರತಿಯೊಬ್ಬರ ಪೂರ್ತಿ ನಮೂದು, ಬೇರೆ ಕಡತಗಳಲ್ಲಿ ಹೆಸರು ಹಿಡಿದು ಬೇಗ ಹುಡುಕಲು ಸೂಚಿ. ಪುಸ್ತಕದ ಕೊನೆಗೆ ಪದಸೂಚಿ ಇರುತ್ತದಲ್ಲ, ಹಾಗೆ.

ತೊಂದರೆ ಶುರುವಾಗುವುದು ಇಲ್ಲೇ. ಒಂದೇ ಸಂಗತಿ ಎರಡು ಕಡೆ ಬರೆದಿರುತ್ತದೆ. ಒಂದು ಕಡೆ ಬರೆದು ಇನ್ನೊಂದು ಕಡೆ ಬರೆಯುವಷ್ಟರಲ್ಲಿ ಕರೆಂಟು ಹೋಯಿತು ಅನ್ನಿ. ಈಗ ನಮೂದು ಒಂದು ಹೇಳುತ್ತದೆ, ಸೂಚಿ ಇನ್ನೊಂದು ಹೇಳುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಒಬ್ಬ ನೌಕರ ಹೆಸರು ಹಾಕಿ ಹುಡುಕಿದರೆ ಇರಲೇ ಇಲ್ಲ, ನೇರವಾಗಿ ಅವನ ನಮೂದು ತೆರೆದರೆ ಆರಾಮಾಗಿ ಕೂತಿದ್ದ! ಮನುಷ್ಯ ಇದ್ದಾನೆ, ಸೂಚಿಯ ಪ್ರಕಾರ ಇಲ್ಲ. ಸೆಕ್ಯುರಿಟಿಯವರಿಗೆ ಸೂಚಿಯೇ ಪ್ರಮಾಣ, ಹಾಗಾಗಿ ಅವನಿಗೆ ಗೇಟು ತೆರೆಯಲಿಲ್ಲ.

ಇಂಥಾಗ ರಿಪೇರಿಗೆ ಒಂದು ಕ್ರಮ ಇದೆ. ಮೊದಲು ಬರೆಯುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ತಪ್ಪಿನ ಮೇಲೆ ತಪ್ಪು ಕೂರುತ್ತದೆ. ಎರಡನೆಯದು, ಕೆಟ್ಟಿದ್ದನ್ನೇ ಇದ್ದ ಹಾಗೆ ಒಂದು ಪ್ರತಿ ತೆಗೆದಿಡಬೇಕು, ಏಕೆಂದರೆ ರಿಪೇರಿ ಮಾಡಲು ಹೋಗಿ ಸಾಕ್ಷ್ಯ ಅಳಿಸಿಬಿಡಬಹುದು. ಮೂರನೆಯದು, ದಿನಚರಿ ಓದಬೇಕು. ಯಾವ ಹೊತ್ತಿಗೆ ಏನು ಬದಲಾಯಿತು ಎಂದು ಸಾಲುಸಾಲಾಗಿ ಬರೆದಿಟ್ಟ ಕಡತ ಅದು. ಕೊನೆಗೆ ಸೂಚಿಯನ್ನು ತಿದ್ದಲು ಹೋಗದೆ, ಮೂಲ ನಮೂದುಗಳನ್ನು ಸಾದಾ ಪಠ್ಯವಾಗಿ ಹೊರತೆಗೆದು ಅವುಗಳಿಂದಲೇ ಹೊಸದಾಗಿ ಎಲ್ಲವನ್ನೂ ಕಟ್ಟಬೇಕು. ಹೊರತೆಗೆಯುವ ಸಾಧನಕ್ಕೆ ಸ್ಲ್ಯಾಪ್‌ಕ್ಯಾಟ್, ಮತ್ತೆ ತುಂಬುವುದಕ್ಕೆ ಸ್ಲ್ಯಾಪ್‌ಆಡ್ ಎಂದು ಹೆಸರು. ಈ ಬವಣೆ ನೋಡಿ ಬೇಸತ್ತ ಹೋವರ್ಡ್ ಚೂ ಎಂಬುವರು 2011ರಲ್ಲಿ ಎಲ್‌ಎಂಡಿಬಿ ಎಂಬ ಹೊಸ ಉಗ್ರಾಣ ಕಟ್ಟಿದರು. ಅದು ಬಳಕೆಯಲ್ಲಿರುವ ಹಾಳೆಯ ಮೇಲೆ ಎಂದೂ ಬರೆಯುವುದಿಲ್ಲ, ಹೊಸ ಹಾಳೆಯಲ್ಲಿ ಬರೆದು ಪೂರ್ತಿಯಾದ ಮೇಲೆಯೇ ಅದನ್ನು ಚಲಾವಣೆಗೆ ತರುತ್ತದೆ. 2021ರಲ್ಲಿ ಬಂದ ಓಪನ್‌ಎಲ್‌ಡ್ಯಾಪ್ 2.5ರಲ್ಲಿ ಹಳೆಯ ಬರ್ಕ್ಲಿ ಉಗ್ರಾಣವನ್ನೇ ತೆಗೆದುಹಾಕಿದರು.

ಇರಲಿ. ಈಗ ನೆಲಕ್ಕೆ ಬರೋಣ.

‘ಉತಾರ’ ಎಂಬ ಪದವನ್ನೇ ನೋಡಿ. ಹಳೆ ಮೈಸೂರಿನ ಕಡೆ ಪಹಣಿ ಎನ್ನುವುದಕ್ಕೆ ನಮ್ಮ ಕಡೆ ಉತಾರ ಅಂತೀವಿ. ಅದು ಮರಾಠಿಯಿಂದ ಬಂದದ್ದು, ಅರ್ಥ ‘ನಕಲು ಇಳಿಸಿಕೊಂಡದ್ದು’. ಅಂದರೆ ನಾವು ಆಸ್ತಿಯ ಪ್ರಾಣ ಎಂದು ಕಬ್ಬಿಣದ ಪೆಟ್ಟಿಗೆಯಲ್ಲಿಡುವ ಕಾಗದವೇ ತನ್ನ ಹೆಸರಿನಲ್ಲಿ ‘ನಾನು ಮೂಲ ಅಲ್ಲ, ನಕಲು’ ಎಂದು ಹೇಳುತ್ತಿದೆ! ಹಾಗಾದರೆ ಮೂಲ ಎಲ್ಲಿದೆ?

ವಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು. (2014ರ ನವೆಂಬರ್ 1ರಿಂದ ವಿಜಯಪುರ. ಬಾಯಿಗೆ ಮಾತ್ರ ಹಳೆಯದೇ ಬರುತ್ತದೆ.) ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ ಇಲ್ಲಿಗೆ ಬಂದದ್ದು 1885ರಲ್ಲಿ. ಪ್ರಾಂತ್ಯದ ಜಮೀನು ಅಳತೆಗೆ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಅಧಿಕಾರಿಗಳು 1847ರಲ್ಲಿ ಕೊಟ್ಟ ಜಂಟಿ ವರದಿ ಬುನಾದಿಯಾಯಿತು. 33 ಅಡಿಯ ಸರಪಳಿ. ಒಂದು ಸರಪಳಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ, ಗುಂಟೆಗೆ 16 ಆಣೆ. ಹೊಲದ ಅಳತೆಯ ನಕ್ಷೆಗೆ ಟಿಪ್ಪಣಿ ಪುಸ್ತಕ, ಸರ್ವೆ ನಂಬರುವಾರು ವಿಸ್ತೀರ್ಣ ಮತ್ತು ಕಂದಾಯಕ್ಕೆ ಆಕಾರಬಂದ್. ಇದು ನೆಲದ ಮೂಲ ದಾಖಲೆ. ಇದರಲ್ಲಿ ಹೊಲ ಎಷ್ಟು ಎಂದಿತ್ತು, ಆ ಹೊಲದಲ್ಲಿ ಯಾರ್ಯಾರಿಗೆ ಯಾವ ಹಕ್ಕು ಎಂಬುದರ ಪೂರ್ತಿ ಲೆಕ್ಕ ಇರಲಿಲ್ಲ. ಅದಕ್ಕಾಗಿ 1903ರಲ್ಲಿ ಮುಂಬೈ ಸರ್ಕಾರ ಹಕ್ಕುದಾಖಲೆಗೇ ಒಂದು ಕಾಯ್ದೆ ಮಾಡಿತು. ಅಲ್ಲಿಗೆ ಎರಡು ಪುಸ್ತಕ ಆದವು, ನೆಲದ್ದೊಂದು, ಮನುಷ್ಯರದೊಂದು. ಎರಡೂ ಒಂದಕ್ಕೊಂದು ತಾಳೆಯಾಗಬೇಕು.

ಬರೆಯುವವರೂ ಬದಲಾದರು. ವಂಶಪಾರಂಪರ್ಯದ ಕುಲಕರ್ಣಿ ವತನಗಳನ್ನು ಮುಂಬೈ ಸರ್ಕಾರ 1950ರ ಕಾಯ್ದೆಯಿಂದ ರದ್ದು ಮಾಡಿತು, ಲೆಕ್ಕ ಪೂರ್ತಿ ಸಂಬಳದ ತಲಾಠಿಯ ಕೈಗೆ ಬಂತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಕಾಯ್ದೆ ಇಂದಿನ ಪಹಣಿಯ ರೂಪ ಕೊಟ್ಟಿತು. ಹಳೆಯ ಕಡತಗಳಲ್ಲಿ ಮರಾಠಿ ಇದೆ, ಮೋಡಿ ಲಿಪಿ ಇದೆ, ಆಮೇಲೆ ಕನ್ನಡ. ಪ್ರತಿ ಸಲ ಹೊಸ ಪುಸ್ತಕಕ್ಕೆ ನಕಲು ಇಳಿಸುವಾಗ ಒಂದು ಅಂಕಿ ಜಾರಬಹುದು, ಒಂದು ಹೆಸರು ಅರ್ಧವಾಗಬಹುದು. ಪುಸ್ತಕ ತಲಾಠಿಯ ಮನೆಯಲ್ಲೇ ಇದ್ದ ಕಾಲದಲ್ಲಿ ‘ಜಾರುವಂತೆ ಮಾಡುವುದೂ’ ಕಷ್ಟವಿರಲಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವ ಮಾತೇ.

ಆಗ ಬಂದದ್ದು ‘ಭೂಮಿ’. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಬರೆದ ತಂತ್ರಾಂಶದಲ್ಲಿ, ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಆಗಿನ 177 ತಾಲ್ಲೂಕುಗಳ ಕಂಪ್ಯೂಟರಿಗೆ ತುಂಬಿದರು. 2001-02ರ ಹೊತ್ತಿಗೆ ತಾಲ್ಲೂಕಿನ ಮೇಲೆ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿಗೆ ಕಿಟಕಿಯಲ್ಲಿ ಅಚ್ಚಾದ ಉತಾರ. ಯಾರು ಬದಲಾಯಿಸಿದರು ಎಂಬುದಕ್ಕೆ ಬೆರಳಚ್ಚಿನ ಗುರುತು. ಮ್ಯುಟೇಶನ್ ಅರ್ಜಿಗಳಲ್ಲಿ ಮೊದಲು ಬಂದದ್ದಕ್ಕೆ ಮೊದಲ ಸರದಿ. ನನ್ನಂಥ ಸರ್ವರ್ ತಲಾಠಿಯ ಕಣ್ಣಿಗೆ ಇದು ಬಹಳ ಚೆಂದದ ಕೆಲಸ. ಯಾರು, ಯಾವಾಗ, ಏನು ಬದಲಾಯಿಸಿದರು ಎಂಬ ದಿನಚರಿ ಮೊದಲ ಸಲ ಅಳಿಸಲಾಗದ ಹಾಗೆ ಬಂತು.

ಆದರೆ ಕಂಪ್ಯೂಟರು ಹಳೆಯ ತಪ್ಪನ್ನು ಗುಣಪಡಿಸುವುದಿಲ್ಲ. ಅದನ್ನು ಅಂದವಾಗಿ ಅಚ್ಚು ಹಾಕಿ ಕೊಡುತ್ತದೆ, ಅಷ್ಟೇ! ಪಹಣಿಯ 3ನೇ ಕಾಲಂ ಹೊಲದ ಒಟ್ಟು ವಿಸ್ತೀರ್ಣ ಹೇಳುತ್ತದೆ, 9ನೇ ಕಾಲಂ ಯಾರ ಹೆಸರಿಗೆ ಎಷ್ಟು ಎನ್ನುತ್ತದೆ. 9ರಲ್ಲಿನ ಎಲ್ಲರ ಪಾಲು ಕೂಡಿದರೆ 3ರ ಲೆಕ್ಕಕ್ಕೆ ಹೊಂದಬೇಕು. ಎಷ್ಟೋ ಪಹಣಿಗಳಲ್ಲಿ ಹೊಂದಲಿಲ್ಲ. ‘3 ಮತ್ತು 9 ತಾಳೆ ಇಲ್ಲ’ ಎಂಬುದು ರಾಜ್ಯದ ಕಂದಾಯ ಕಚೇರಿಗಳಲ್ಲೆಲ್ಲ ಒಂದು ಕಾಯಿಲೆಯ ಹೆಸರೇ ಆಯಿತು, ಅದನ್ನು ಸರಿಪಡಿಸಲು ಅದಾಲತ್ತುಗಳೇ ನಡೆದವು. ಇದಕ್ಕೆ ಗುಂಟೆಯ ಲೆಕ್ಕವೂ ಒಂದು ಉಪದ್ರವ. ಕಾಗದದ ಮೇಲೆ 2 ಎಕರೆ 30 ಗುಂಟೆಯನ್ನು 2.30 ಎಂದು, 1 ಎಕರೆ 20 ಗುಂಟೆಯನ್ನು 1.20 ಎಂದು ಬರೆಯುವುದು ರೂಢಿ. ಸಾದಾ ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 3.50. ಸರಿಯಾದ ಉತ್ತರ 4 ಎಕರೆ 10 ಗುಂಟೆ! ಕಾಲುವೆಗೋ ರಸ್ತೆಗೋ ಹೋದ ಗುಂಟೆಯನ್ನು ಒಂದು ಕಾಲಂನಲ್ಲಿ ಕಳೆದು ಇನ್ನೊಂದರಲ್ಲಿ ಬಿಟ್ಟರೂ ಇದೇ ಗತಿ.

ಇಷ್ಟಾದರೂ 3 ಮತ್ತು 9ರ ಜಗಳ ಒಂದೇ ಹಾಳೆಯೊಳಗಿನದು. ನೋಡಿದರೆ ಗೊತ್ತಾಗುತ್ತದೆ, ಕೂಡಿದರೆ ಸಿಕ್ಕಿಬೀಳುತ್ತದೆ. ಇದಕ್ಕಿಂತ ಕೆಟ್ಟದ್ದು ಎರಡು ಇಲಾಖೆಗಳ ಎರಡು ಪಟ್ಟಿಗಳ ಜಗಳ. ನಾನು ಹೇಳಹೊರಟ ಬ್ರಾಕೆಟ್ಟು ಬರುವುದು ಇಲ್ಲಿಯೇ.

1974ರಲ್ಲಿ ರಾಜ್ಯ ಗೆಜೆಟ್ಟಿನಲ್ಲಿ ವಕ್ಫ್ ಆಸ್ತಿಗಳ ಪಟ್ಟಿ ಪ್ರಕಟವಾಯಿತು. ವಿಜಾಪುರ ಜಿಲ್ಲೆಯದು ಅದರಲ್ಲಿ ಸುಮಾರು 14,200 ಎಕರೆ. ಅದರೊಳಗೆ ವಿಜಾಪುರ ನಗರದ ಮಹಾಲಬಾಗಾಯತದ ಸರ್ವೆ ನಂಬರುಗಳಿದ್ದವು. ಅವುಗಳ ಪಕ್ಕದ ಬ್ರಾಕೆಟ್ಟಿನಲ್ಲಿ ‘ಹೊನವಾಡ’ ಎಂದು ಅಚ್ಚಾಯಿತು. ಹೊನವಾಡ ಇರುವುದು ನಗರದಲ್ಲಲ್ಲ, ತಿಕೋಟಾ ಕಡೆ. ಒಂದು ಊರಿನ ಹೊಲಗಳಿಗೆ ಇನ್ನೊಂದು ಊರಿನ ಹೆಸರು ಅಂಟಿಕೊಂಡಿತು, ಲೆಕ್ಕದಲ್ಲಿ ಹೊನವಾಡದ ತಲೆಗೆ ಸುಮಾರು 1,200 ಎಕರೆ ಬಂತು. 1977ರಲ್ಲಿ ವಕ್ಫ್ ಮಂಡಳಿಯೇ ಈ ತಪ್ಪನ್ನು ಗುರುತಿಸಿ ತಿದ್ದುಪಡಿ ಪ್ರಕಟಿಸಿತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

2024ರ ಅಕ್ಟೋಬರ್‌ನಲ್ಲಿ ವಕ್ಫ್ ಆಸ್ತಿಗಳ ದಾಖಲೆ ಸರಿಪಡಿಸುವ ಕೆಲಸ ಜಿಲ್ಲೆಯಲ್ಲಿ ಚುರುಕಾದಾಗ ಹೊನವಾಡದ 1,200 ಎಕರೆ ಮತ್ತೆ ಎದ್ದು ಕೂತಿತು. ಹೊಲ ಹೋಗುತ್ತದೆ ಎಂಬ ಸುದ್ದಿ ಊರ ತುಂಬ ಹಬ್ಬಿತು, ರೈತರು ಬೀದಿಗಿಳಿದರು, ಅಲ್ಲಿಂದ ರಾಜ್ಯ, ದೇಶದ ರಾಜಕೀಯಕ್ಕೆಲ್ಲ ಅದು ಹೋಯಿತು. ಆ ರಾಜಕೀಯ ನನ್ನ ವಿಷಯ ಅಲ್ಲ. ದಾಖಲೆಯ ಮಟ್ಟಿಗೆ ನಡೆದದ್ದು ಹೀಗೆ. ಬಬಲೇಶ್ವರದ ಶಾಸಕರೂ ಜಿಲ್ಲಾ ಉಸ್ತುವಾರಿ ಸಚಿವರೂ ಆಗಿದ್ದ ಎಂ.ಬಿ. ಪಾಟೀಲರು 1974ರ ಬ್ರಾಕೆಟ್ಟನ್ನೂ 1977ರ ತಿದ್ದುಪಡಿಯನ್ನೂ ಜನರ ಮುಂದಿಟ್ಟರು. ಹೊನವಾಡದಲ್ಲಿ ನಿಜಕ್ಕೂ ವಕ್ಫ್‌ಗೆ ಸೇರಿದ್ದು ಸುಮಾರು 11 ಎಕರೆ ಮಾತ್ರ, ಅದರಲ್ಲಿ 10 ಎಕರೆ 14 ಗುಂಟೆ ಖಬರಸ್ತಾನ, 24 ಗುಂಟೆಯಲ್ಲಿ ಈದ್ಗಾ, ಮಸೀದಿಯಂಥ ಕಟ್ಟಡಗಳು ಎಂದರು. ಗುಂಟೆ ಲೆಕ್ಕ ಕಲಿತಿರಲ್ಲ, ಕೂಡಿ ನೋಡಿ. 10 ಎಕರೆ 38 ಗುಂಟೆ, ಹನ್ನೊಂದಕ್ಕೆ ಎರಡೇ ಗುಂಟೆ ಕಡಿಮೆ. ಇಂಡಿ ತಾಲ್ಲೂಕಿನಲ್ಲಿ 41 ಆಸ್ತಿಗಳಿಗೆ ನೋಟಿಸ್ ಕೊಡದೆಯೇ ಉತಾರದಲ್ಲಿ ನಮೂದು ಮಾಡಿದ್ದೂ ಹೊರಬಂತು, ಅದನ್ನು ಸರಿಪಡಿಸುವುದಾಗಿ ಸರ್ಕಾರ ಹೇಳಿತು. ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಿದರು.

ಇನ್ನೊಂದು ಅಂಶ ಇದಕ್ಕಿಂತ ದೊಡ್ಡದು. ಆ 14,200 ಎಕರೆಯಲ್ಲಿ 11,800ಕ್ಕೂ ಹೆಚ್ಚು ಎಕರೆ ಭೂಸುಧಾರಣೆ ಕಾಯ್ದೆಯಲ್ಲಿ, ಸುಮಾರು 1,450 ಎಕರೆ ಇನಾಂ ರದ್ದತಿಯಲ್ಲಿ ಈಗಾಗಲೇ ಉಳುವವರ ಹೆಸರಿಗೆ ಹೋಗಿತ್ತು ಎಂದೂ ಸಚಿವರು ಲೆಕ್ಕ ಕೊಟ್ಟರು. ವರ್ಷ ಗಮನಿಸಿ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿದಾರರು ನಮೂನೆ 7 ತುಂಬಿದರು, ಭೂ ನ್ಯಾಯಮಂಡಳಿಗಳು ಮುಂದಿನ ವರ್ಷಗಳಲ್ಲಿ ಆದೇಶ ಕೊಟ್ಟವು, ಉತಾರದಲ್ಲಿ ಹೆಸರು ಬದಲಾದವು. ಗೆಜೆಟ್ಟಿನ ಪಟ್ಟಿ ಮಾತ್ರ 1974ರಲ್ಲಿ ಅಚ್ಚಾದ ಹಾಗೇ ಉಳಿಯಿತು. ಅಂದರೆ ಪಟ್ಟಿ ಹುಟ್ಟಿದ ವರ್ಷವೇ ಅದನ್ನು ಹಳತು ಮಾಡುವ ಕಾನೂನೂ ಬಂದಿತ್ತು!

ಈಗ ಸರ್ವರ್ ಕೋಣೆಯ ಭಾಷೆಯಲ್ಲಿ ಇದನ್ನು ಓದಿ. ಗೆಜೆಟ್ ಪಟ್ಟಿ ಒಂದು ಸೂಚಿ. ಭೂಮಿಯ ಉತಾರ ನಮೂದು. ಟಿಪ್ಪಣಿ, ಆಕಾರಬಂದ್, ನ್ಯಾಯಮಂಡಳಿಯ ಆದೇಶ, ಮ್ಯುಟೇಶನ್ ಇವು ಮೂಲ ಮತ್ತು ದಿನಚರಿ. ಸೂಚಿ ಹಳತಾಗಿತ್ತು. ಹಳತಾದ ಸೂಚಿಯನ್ನು ಹಿಡಿದು ನಮೂದನ್ನು ತಿದ್ದಲು ಹೊರಟದ್ದೇ ತೊಂದರೆಯ ಬೇರು. ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ: ಸೂಚಿಯನ್ನು ನಮೂದಿನಿಂದ ಕಟ್ಟಬೇಕು, ನಮೂದನ್ನು ಸೂಚಿಯಿಂದ ಅಲ್ಲ.

ಎರಡನೆಯ ಪಾಠ 1977ರದು. ತಪ್ಪನ್ನು ಯಾರೂ ಗಮನಿಸಲಿಲ್ಲ ಎಂದಲ್ಲ. ಗಮನಿಸಿದರು, ತಿದ್ದಿದರು, ಅಚ್ಚೂ ಹಾಕಿದರು. ಆದರೆ 1974ರ ಗೆಜೆಟ್ಟು ಯಾವ ಯಾವ ಕಪಾಟಿಗೆ ಹೋಗಿತ್ತೋ ಆ ಎಲ್ಲ ಕಪಾಟಿಗೂ 1977ರ ಹಾಳೆ ಹೋಗಿ ಮುಟ್ಟಿ, ಹಳೆಯದರ ಮೇಲೆ ‘ಇದು ರದ್ದು’ ಎಂದು ಬರೆಸಿಕೊಳ್ಳಲಿಲ್ಲ. ಹತ್ತು ಸರ್ವರಿಗೆ ಹಂಚಿದ ಡೈರೆಕ್ಟರಿಯಲ್ಲೂ ಹೀಗೇ ಆಗುತ್ತದೆ. ತಿದ್ದುಪಡಿ ಒಂಬತ್ತಕ್ಕೆ ತಲುಪಿ ಹತ್ತನೆಯದು ಆ ಹೊತ್ತಿಗೆ ಬಂದ್ ಇದ್ದರೆ, ಅದು ಎದ್ದ ದಿನ ಹಳೆಯ ಸುಳ್ಳನ್ನೇ ಹೊಸ ಸತ್ಯ ಎಂಬಂತೆ ಹೇಳತೊಡಗುತ್ತದೆ. ಹೊನವಾಡದ ಹತ್ತನೇ ಸರ್ವರು 47 ವರ್ಷದ ನಂತರ ಎದ್ದಿತು. ತಪ್ಪು ಹೋದ ಪ್ರತಿ ದಾರಿಯಲ್ಲೂ ತಿದ್ದುಪಡಿ ಹೋಗಬೇಕು, ಇಲ್ಲದಿದ್ದರೆ ತಿದ್ದಿದ್ದು ಲೆಕ್ಕಕ್ಕಿಲ್ಲ.

ಇದರಿಂದ ನಷ್ಟ ಬರೀ ಒಂದು ಕಡೆಯವರಿಗೆ ಅಲ್ಲ. ಉತಾರದಲ್ಲಿ ಒಂದು ಅನುಮಾನದ ನಮೂದು ಬಂದರೆ ಬ್ಯಾಂಕು ದ್ರಾಕ್ಷಿ ತೋಟಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ, ಮಗಳ ಮದುವೆಗೆಂದು ಎರಡು ಎಕರೆ ಮಾರಲು ಹೋದವನಿಗೆ ಗಿರಾಕಿ ಸಿಗುವುದಿಲ್ಲ. ಇತ್ತ 1,200 ಎಂಬ ಸುಳ್ಳು ಅಂಕಿಯಿಂದಾಗಿ ನಿಜವಾದ 11 ಎಕರೆ ಖಬರಸ್ತಾನ, ಈದ್ಗಾಗಳನ್ನೂ ಜನ ಅನುಮಾನದಿಂದ ನೋಡುವಂತಾಯಿತು. ಕೆಟ್ಟ ಪಟ್ಟಿ ಸುಳ್ಳನ್ನು ಬೆಳೆಸುವುದರ ಜೊತೆಗೆ ನಿಜದ ಬೆಲೆಯನ್ನೂ ಕಳೆಯುತ್ತದೆ.

ಇನ್ನು ತಿಕೋಟಾ, ಬಬಲೇಶ್ವರಗಳ ಮಾತು. ಇವೆರಡೂ ವಿಜಯಪುರ ತಾಲ್ಲೂಕಿನೊಳಗೇ ಇದ್ದವು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಇವೂ ಸೇರಿ, ಮರುವರ್ಷ ಬೇರೆಯಾದವು. ಜನರಿಗೆ ಕಚೇರಿ ಹತ್ತಿರ ಬಂತು, ಒಳ್ಳೆಯದೇ. ಆದರೆ ತಾಲ್ಲೂಕು ಒಡೆದಾಗ ಪಟ್ಟಿಯೂ ಒಡೆಯುತ್ತದೆ, ಕಡತದ ಕಟ್ಟುಗಳೂ ಹಂಚಿಕೆಯಾಗುತ್ತವೆ. 1974ರ ಕಾಗದದಲ್ಲಿ ‘ವಿಜಾಪುರ ತಾಲ್ಲೂಕು’ ಎಂದಿರುವ ಊರು ಇಂದಿನ ಕಂಪ್ಯೂಟರಿನಲ್ಲಿ ‘ತಿಕೋಟಾ ತಾಲ್ಲೂಕು’. ಹೆಸರು ಹಿಡಿದು ಹುಡುಕುವವನಿಗೆ ಇದು ಬೇರೆ ಊರೇ. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಕಂಡ ಮೇಲೆ ಈ ಕಡೆಯ ಒಣ ನೆಲಕ್ಕೂ ಬೆಲೆ ಬಂದಿದೆ, ಗುಂಟೆಗೆ ಗುಂಟೆ ಲೆಕ್ಕ ಕೇಳುವ ಕಾಲ ಇದು.

ರಾಜ್ಯ ಸರ್ಕಾರ 2024ರಿಂದ ‘ಭೂ ಸುರಕ್ಷಾ’ ಎಂದು ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ನನಗೆ ಬಹಳ ಸಂತೋಷ ಕೊಟ್ಟ ಕೆಲಸ, ಏಕೆಂದರೆ ರಿಪೇರಿಗೆ ಬೇಕಾದ ದಿನಚರಿ ಇರುವುದು ಆ ಗೆದ್ದಲು ಹಿಡಿದ ಕಟ್ಟುಗಳಲ್ಲೇ. ಒಂದೇ ಬೇಡಿಕೆ, ಸ್ಕ್ಯಾನ್ ಆಯಿತೆಂದು ಕಾಗದವನ್ನು ಎಸೆಯದಿರಲಿ. ಸ್ಕ್ಯಾನೂ ಒಂದು ಉತಾರವೇ, ನಕಲೇ.

ಓದಿದ ನೀವೂ ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಕೈಬರಹದ ಹಳೆಯ ಉತಾರ, ನಮೂನೆ 7ರ ಮೇಲೆ ಬಂದ ಆದೇಶ, ವಾಟ್ನಿಯ ಕಾಗದ ಇದ್ದರೆ ‘ಈಗ ಎಲ್ಲ ಕಂಪ್ಯೂಟರಿನಲ್ಲಿದೆ’ ಎಂದು ಒಲೆಗೆ ಹಾಕಬೇಡಿ. ಹೊಸ ಉತಾರ ತೆಗೆಸಿ 3ನ್ನೂ 9ನ್ನೂ ಕೂಡಿ ನೋಡಿ, 11ನೇ ಕಾಲಂನಲ್ಲಿ ನಿಮಗೆ ಗೊತ್ತಿಲ್ಲದ ಋಣವೋ ಹಕ್ಕೋ ಬಂದು ಕೂತಿದೆಯೇ ನೋಡಿ. ಇದ್ದರೆ ಅದು ಬಂದ ಮ್ಯುಟೇಶನ್ ನಂಬರು ಕೇಳಿ, ಆ ಆದೇಶದ ಪ್ರತಿ ತೆಗೆಸಿ. ನೆನಪಿರಲಿ, ಗುಂಟೆ ನಲವತ್ತಾದಾಗ ಎಕರೆ ಒಂದು!